ಮಗಳನ್ನು ಕಳಿಸುವ ತಾಲೀಮು

ಅಳುವುದರಲ್ಲಿ ಸೈರನ್ನಪ್ಪನದು ಎತ್ತಿದ ಕೈ. ಇದು ಅವನ ಶತ್ರುಗಳು ಹಬ್ಬಿಸಿದ ಮಾತಲ್ಲ. ಶತ್ರುಗಳನ್ನು ಸಂಪಾದಿಸುವಷ್ಟು ಗಟ್ಟಿತನ ಅವನಲ್ಲಿ ಇರಲೂ ಇಲ್ಲ. ಕಟ್ಟಿಕೊಂಡ ಹೆಂಡತಿಯೇ ಹೇಳುತ್ತಿದ್ದ ಮಾತು. ಮಗಳನ್ನು ಮೊದಲ ಸಲ ಶಾಲೆಗೆ ಬಿಟ್ಟ ದಿನ ಮಗು ಬಾಯಲ್ಲಿ ಬೆರಳಿಟ್ಟುಕೊಂಡು ಸುಮ್ಮನೆ ಬೆಂಚಿನ ಮೇಲೆ ಕೂತಿತ್ತು. ಕಿಟಕಿಯ ಸರಳು ಹಿಡಿದುಕೊಂಡು ಗೊಳೋ ಎಂದು ಅತ್ತವನು ಇವನು. ಟೀಚರು ಬಂದು ಅವನ ಬೆರಳುಗಳನ್ನು ಒಂದೊಂದಾಗಿ ಸರಳಿನಿಂದ ಬಿಡಿಸಿ, ಕೈಗೊಂದು ಪೆಪ್ಪರ್‌ಮೆಂಟು ಕೊಟ್ಟು, ಗೇಟಿನವರೆಗೆ ನಡೆಸಿಕೊಂಡು ಹೋಗಿ ಬಿಟ್ಟುಬಂದರು.

ಅಷ್ಟೇ ಆಗಿದ್ದರೆ ನಕ್ಕು ಮರೆಯಬಹುದಿತ್ತು. ಹೈಸ್ಕೂಲಿನವರು ಮಕ್ಕಳನ್ನೆಲ್ಲ ಸಮುದ್ರ ತೋರಿಸಲು ಕರೆದುಕೊಂಡು ಹೊರಟಾಗ, ಬಸ್ಸು ಇನ್ನೇನು ಕದಲಬೇಕು, ಇವನ ಕೆಳತುಟಿ ನಡುಗಿದ್ದು ಕಿಟಕಿಯಿಂದ ಮಗಳಿಗೆ ಕಂಡಿತು. ಅವಳು ಚೀಲ ಹೆಗಲಿಗೇರಿಸಿಕೊಂಡು ಇಳಿದೇಬಿಟ್ಟಳು. "ನಂಗೆ ಸಮುದ್ರ ಅಂದ್ರೆ ಅಷ್ಟಕ್ಕಷ್ಟೇ ಅಪ್ಪ," ಅಂದಳು. ಅವಳು ಈವರೆಗೂ ಸಮುದ್ರ ನೋಡಿಲ್ಲ.

ಈಗ ಅದೇ ಮಗಳಿಗೆ ಕಾಲೇಜಿನಲ್ಲಿ ಸೀಟು ಸಿಕ್ಕಿತ್ತು. ಬೆಳಿಗ್ಗೆ ಬಸ್ಸು ಹತ್ತಿದರೆ ಹೊತ್ತು ಮುಳುಗುವಾಗ ಇಳಿಯುವಷ್ಟು ದೂರದ ಕಾಲೇಜು. ಓದಲು ಹೊರಟದ್ದು ಕಲ್ಲುಬಂಡೆಗಳ ಶಾಸ್ತ್ರ. ಚಿಕ್ಕಂದಿನಿಂದ ಫ್ರಾಕಿನ ಜೇಬಿನಲ್ಲಿ ಕಲ್ಲು ತುಂಬಿಕೊಂಡು ಬರುತ್ತಿದ್ದ ಹುಡುಗಿ ಅವಳು; ಕಿಟಕಿಯ ಕಟ್ಟೆಯ ಮೇಲೆ ಹೂಕುಂಡ ಇಡಬೇಕಾದ ಕಡೆ ಅವಳ ಕಲ್ಲುಗಳು ಸಾಲಾಗಿ ಕೂತಿದ್ದವು. ಮೊದಲ ದಿನ ಹಾಜರಾಗದವರ ಸೀಟು ಮುಂದಿನವರ ಪಾಲಿಗೆ ಎಂದು ಕಾಲೇಜಿನವರು ಖಡಾಖಂಡಿತವಾಗಿ ಹೇಳಿದ್ದರು. ಅದಕ್ಕೆ ಇನ್ನೂ ಬೇಸಿಗೆ ಪೂರ್ತಿ ಬಾಕಿ ಇತ್ತು.

"ಬಕೆಟ್ಟು, ಮಗ್ಗು, ಬೀಗ, ಹೊದಿಕೆ, ಎಲ್ಲಾ ನಾನು ಹೊಂದಿಸ್ತೀನಿ," ಎಂದಳು ಹೆಂಡತಿ. "ಅವಳ ತಯಾರಿ ನನಗೆ ಬಿಡಿ. ನಿಮ್ಮ ತಯಾರಿ ಯಾರು ಮಾಡೋದು, ಅದನ್ನ ಹೇಳಿ. ಬಸ್‌ಸ್ಟಾಪಲ್ಲಿ ನೀವು ಒಂದು ಹನಿ ಹಾಕಿದ್ರೂ ಅವಳು ಇಳೀತಾಳೆ. ಇಳಿದ್ಲೋ, ಮುಗೀತು. ಆಮೇಲೆ ಜನ್ಮಪೂರ್ತಿ ಇದೇ ಕಿಟಕಿ, ಇದೇ ಕಲ್ಲು."

"ಅಳಲ್ಲ ಕಣೇ."

"ಈಗ್ಲೇ ಅಳ್ತಾ ಇದೀರ."

"ಇದು ಬಿಸಿಲಿಗೆ."

ಅವರಿಬ್ಬರೂ ಕೂತಿದ್ದದ್ದು ಅಡುಗೆಮನೆಯಲ್ಲಿ.

ಸೈರನ್ನಪ್ಪ ಎಂಬ ಹೆಸರು ಅವನಿಗೆ ಬಂದದ್ದು ಕೆಲಸದಿಂದ. ಪ್ಲೈವುಡ್ ಕಾರ್ಖಾನೆಯಲ್ಲಿ ಬೆಂಕಿಯ ತಾಲೀಮು ನಡೆಸುವವನು ಅವನೇ. ಆಗಾಗ ಸೈರನ್ ಕೂಗಿಸುವುದು, ಬೆಂಕಿ ಬಿದ್ದಿದೆ ಎಂದುಕೊಂಡು ಎಲ್ಲರನ್ನೂ ಅಂಗಳದ ಹಳದಿ ಗೆರೆಯ ಹಿಂದೆ ನಿಲ್ಲಿಸುವುದು, ತಲೆ ಎಣಿಸುವುದು, ಕೊನೆಗೆ ತಗಡಿನ ಭೋಂಗಾ ಬಾಯಿಗಿಟ್ಟು, "ತಾಲೀಮು ಮುಗಿಯಿತು! ಎಲ್ಲರೂ ಸ್ವಸ್ಥಾನಕ್ಕೆ ಮರಳತಕ್ಕದ್ದು!" ಎಂದು ಸಾರುವುದು. ಅವನ ಇಡೀ ಸರ್ವಿಸ್ಸಿನಲ್ಲಿ ಆ ಕಾರ್ಖಾನೆಗೆ ಬೆಂಕಿ ಬಿದ್ದಿರಲಿಲ್ಲ. ಇದಕ್ಕೆ ಬೇರೆಯವರು ಬೇರೆ ಬೇರೆ ಕಾರಣ ಕೊಡಬಹುದು. ಸೈರನ್ನಪ್ಪನ ಪ್ರಕಾರ ಕಾರಣ ಒಂದೇ: ಬೆಂಕಿ ಗೇಟಿನವರೆಗೆ ಬಂದು, ಅವನ ತಾಲೀಮು ನೋಡಿ, ಇಲ್ಲಿ ತನ್ನ ಆಟ ನಡೆಯುವುದಿಲ್ಲವೆಂದು ತಿರುಗಿ ಹೋಗಿದೆ. ಕೆಲಸಗಾರರಿಗೆ ಮಾತ್ರ ವರ್ಷದಿಂದ ವರ್ಷಕ್ಕೆ ಶ್ರದ್ಧೆ ಇಳಿಯುತ್ತ ಬಂದು, ಈಚೆಗೆ ಸೈರನ್ ಕೂಗಿದರೆ ಟೀ ಹೊತ್ತಾಯಿತೇ ಎಂದು ಗಡಿಯಾರ ನೋಡುತ್ತಿದ್ದರು. "ನಿಜವಾದ ಬೆಂಕಿ ಬಂದ ದಿನ ಒಂದು ಮಾತು ಹೇಳಿ ಸಾರ್, ಓಡಿ ಬರ್ತೀವಿ," ಎಂದು ಫೋರ್‌ಮನ್ನು ಕೂತಲ್ಲಿಂದಲೇ ಭರವಸೆ ಕೊಡುತ್ತಿದ್ದ.

ಇಂಥ ಮನುಷ್ಯನಿಗೆ ತಾಲೀಮಿನ ಯೋಚನೆ ಬರದೆ ಇನ್ನೇನು ಬಂದೀತು?

"ಕೇಳಿಲ್ಲಿ," ಎಂದು ಹೆಂಡತಿ ಮಗಳಿಬ್ಬರನ್ನೂ ನಡುಮನೆಯಲ್ಲಿ ನಿಲ್ಲಿಸಿ ಹೇಳಿದ. "ಯಾವುದೇ ಅನಾಹುತ ಆಗ್ಲಿ, ನಾಲ್ಕಾರು ಸಲ ಸುಳ್ಳುಸುಳ್ಳೇ ಮಾಡಿದ್ರೆ, ನಿಜವಾಗ್ಲೂ ಬಂದಾಗ ಕೈಕಾಲು ತಮ್ಮಷ್ಟಕ್ಕೆ ಕೆಲಸ ಮಾಡ್ತವೆ. ತಲೆ ಬೇಕಾಗೇ ಇಲ್ಲ."

"ನಾನು ಕಾಲೇಜಿಗೆ ಹೋಗೋದು ಅನಾಹುತಾನಾ ಅಪ್ಪ?"

"ಮಾತಿಗೆ ಅಂದೆ ಕಣಮ್ಮ. ಭಾನುವಾರ ಭಾನುವಾರ ನೀನು ಹೊರಡ್ತೀಯ, ನಾನು ಕಳಿಸ್ತೀನಿ. ಅಷ್ಟೇ."

"ತಲೆ ಬೇಕಾಗಿಲ್ಲ ಅಂದ್ರಲ್ಲ, ಆ ಭಾಗ ನಿಮಗೆ ಸುಲಭ," ಎಂದಳು ಹೆಂಡತಿ.

ಮೊದಲ ತಾಲೀಮು ಮನೆಯೊಳಗೇ ನಡೆಯಿತು. ಮರದ ಕುರ್ಚಿ ಬಸ್ಸಾಯಿತು. ಹೆಂಡತಿ ಕೈಯಲ್ಲಿದ್ದ ಸೌಟನ್ನೂ ಕೆಳಗಿಡದೆ ಕಂಡಕ್ಟರಾದಳು. ಟ್ರಂಕಿಗೆ ಹಳೇ ಪೇಪರು ತುಂಬಿದ್ದಾಯಿತು; ಕಾರ್ಖಾನೆಯಲ್ಲೂ ಗಾಯಾಳು ಎಂದು ಸ್ಟ್ರೆಚರಿನ ಮೇಲೆ ಮಲಗಿಸುವುದು ಮರಳಿನ ಚೀಲವನ್ನೇ. ಮಗಳು ಹೊಸ ಕೆಂಪು ಬಕೆಟ್ಟನ್ನು ತೊಡೆಯ ಮೇಲಿಟ್ಟುಕೊಂಡು ಕುರ್ಚಿಯಲ್ಲಿ ಕೂತು, "ಬರ್ತೀನಪ್ಪ," ಅಂದಳು.

ಅಷ್ಟೇ. ಸೈರನ್ನಪ್ಪನ ಗಂಟಲಿನಿಂದ ಹೊರಟ ಶಬ್ದಕ್ಕೆ ಬೀದಿಯ ನಾಯಿಗಳು ಎದ್ದು ನಿಂತವು.

ಎದುರುಮನೆಯಲ್ಲಿದ್ದವರು ರಿಟೈರಾದ ಟೈಪಿಸ್ಟಮ್ಮ. ಕಚೇರಿ ಬಿಟ್ಟ ಮೇಲೆ ಅವರ ಬೆರಳಿನ ವೇಗವೆಲ್ಲ ನಾಲಿಗೆಗೆ ವರ್ಗವಾಗಿತ್ತು. ಬೆಳಿಗ್ಗೆ ಒಂದು ಸುದ್ದಿ ಸಿಕ್ಕಿದರೆ ಸಂಜೆಯೊಳಗೆ ಬೀದಿಗೆಲ್ಲ ಒಂದೊಂದು ಪ್ರತಿ ತಲುಪುತ್ತಿತ್ತು. ಅವರು ಮುಖವನ್ನು ಸಂತಾಪಕ್ಕೆ ತಕ್ಕಂತೆ ಸರಿಮಾಡಿಕೊಂಡೇ ಒಳಗೆ ಕಾಲಿಟ್ಟರು.

"ಯಾರು ಹೋದ್ರು?"

"ಮಗಳು," ಎಂದ ಸೈರನ್ನಪ್ಪ ಬಿಕ್ಕುತ್ತ.

ಟೈಪಿಸ್ಟಮ್ಮ ಎದೆಯ ಮೇಲೆ ಕೈಯಿಟ್ಟುಕೊಂಡು ಕುರ್ಚಿಯ ಕಡೆ ತಿರುಗಿದರು. "ಬನ್ನಿ ಆಂಟಿ, ಕೂತ್ಕೊಳ್ಳಿ," ಎಂದಳು ಮಗಳು, ಬಕೆಟ್ಟು ಬಿಡದೆ.

"ಇಲ್ಲೇ ಇದಾಳಲ್ರೀ! ಎಲ್ಲಿಗೆ ಹೋದ್ಲು?"

"ಇನ್ನೂ ಹೋಗಿಲ್ಲ. ಹೋದ ಹಾಗೆ. ಕಾಲೇಜಿಗೆ."

"ಏನು ಓದೋಕಂತೆ?"

"ಕಲ್ಲು."

ಟೈಪಿಸ್ಟಮ್ಮ ಕೆಂಪು ಬಕೆಟ್ಟಿನೊಳಗೆ ಇಣುಕಿ ನೋಡಿದರು. "ಕಲ್ಲು ನೋಡೋಕೆ ಅಷ್ಟು ದೂರ ಯಾಕೆ? ನಮ್ಮ ಚರಂಡಿ ತುಂಬ ಅದೇ ಇದೆಯಲ್ಲ," ಎಂದು ಹೇಳಿ, ಬಂದದ್ದಕ್ಕೆ ಏನೂ ಗಿಟ್ಟಲಿಲ್ಲವೆಂಬ ಬೇಸರದಲ್ಲಿ ಎದ್ದುಹೋದರು.

ಆ ಸೋಲಿನ ನಂತರ ಸೈರನ್ನಪ್ಪ ಒಂದು ನಿಯಮ ತಂದ. ಅಳುವುದನ್ನು ಪೂರ್ತಿ ನಿಲ್ಲಿಸುವುದು ತನ್ನಿಂದಾಗದು ಎಂದು ಅವನಿಗೆ ಮನವರಿಕೆಯಾಗಿತ್ತು. ಆದ್ದರಿಂದ ಮುಂದೂಡುವುದು. "ತಾಲೀಮು ಮುಗಿಯಿತು ಅಂತ ನಾನು ಸಾರೋವರೆಗೆ ಯಾರೂ ಅಳತಕ್ಕದ್ದಲ್ಲ. ಸಾರಿದ ಮೇಲೆ ಎಷ್ಟು ಬೇಕಾದ್ರೂ ಅಳಬಹುದು."

"ಯಾರೂ ಅಂದ್ರೆ ಯಾರು? ಈ ಮನೇಲಿ ಅಳೋರು ನೀವೊಬ್ರೇ."

"ನಿಯಮ ಅಂದ ಮೇಲೆ ಎಲ್ಲರಿಗೂ ಒಂದೇ. ನಿನಗೂ ಸೇರಿ."

"ಆಯ್ತಪ್ಪ, ನೀವು ಸಾರೋವರೆಗೆ ನಾನೂ ತಡ್ಕೊಂಡಿರ್ತೀನಿ," ಎಂದು ಹೆಂಡತಿ ಹೊಟ್ಟೆ ಹಿಡಿದುಕೊಂಡು ನಕ್ಕಳು.

ಮುಂದಿನ ಭಾನುವಾರ ತಾಲೀಮು ಬೀದಿಗಿಳಿಯಿತು. ಮುಂದೆ ಟ್ರಂಕು ಹೊತ್ತ ಸೈರನ್ನಪ್ಪ, ಹಿಂದೆ ಬಕೆಟ್ಟು ಹಿಡಿದ ಮಗಳು, ಕೊನೆಯಲ್ಲಿ ಹೆಂಡತಿ. ಬಸ್‌ಸ್ಟಾಪಿನವರೆಗೆ ಹೋದರು, ಬಸ್ಸು ಬಂದು ಹೋಗುವುದನ್ನು ನೋಡಿದರು, ವಾಪಸು ಬಂದರು. ಎಲ್ಲ ಸರಿಯಾಗಿಯೇ ನಡೆಯಿತು. ಆದರೆ ಅಳು ತಡೆಯಲು ಸೈರನ್ನಪ್ಪ ಹಲ್ಲು ಕಚ್ಚಿ, ಕಣ್ಣು ಕಿರಿದುಮಾಡಿ, ಮೂಗಿನ ಹೊಳ್ಳೆ ಅರಳಿಸಿಕೊಂಡಿದ್ದರಿಂದ, ನೋಡುವವರ ಕಣ್ಣಿಗೆ ಅವನು ಕಡುಕೋಪದಲ್ಲಿ ಉರಿಯುತ್ತಿರುವ ಹಾಗೆ ಕಂಡ.

"ಮಗಳನ್ನ ಮನೆಯಿಂದ ಆಚೆ ಹಾಕಿದ," ಎಂದ ಇಸ್ತ್ರಿ ಅಂಗಡಿಯವನು.

"ಹಾಕಿದವನು ವಾಪಸ್ ಯಾಕೆ ಕರ್ಕೊಂಡು ಬಂದ?" ಎಂದಳು ಅವನ ಹೆಂಡತಿ.

"ಬಸ್ಸಲ್ಲಿ ಬರ್ತೀನಿ ಅಂದ ಹುಡುಗ ಬಂದಿರಲ್ಲ, ಅದಕ್ಕೆ."

ಇಲ್ಲದ ಹುಡುಗನಿಗೆ ಸಂಜೆಯೊಳಗೆ ಒಂದು ಮೋಟಾರ್ ಸೈಕಲ್ಲೂ ಒಂದು ಕೆಟ್ಟ ಚಾಳಿಯೂ ಹುಟ್ಟಿಕೊಂಡವು. ನಿಜ ಗೊತ್ತಿದ್ದ ಟೈಪಿಸ್ಟಮ್ಮ ಮಾತ್ರ ಅದನ್ನು ಯಾರಿಗೂ ಹೇಳಲಿಲ್ಲ. ಅದರಲ್ಲಿ ಅಷ್ಟು ರುಚಿಯಿರಲಿಲ್ಲ.

ಸುದ್ದಿ ಹೆಂಡತಿಯ ಅಣ್ಣನ ಅಂಗಡಿ ತಲುಪಿತು. ಅವನು ಗಡಿಯಾರ ರಿಪೇರಿಯವನು. ಕಣ್ಣಿಗೆ ಸಿಕ್ಕಿಸಿಕೊಂಡ ಭೂತಗಾಜನ್ನು ತೆಗೆಯುವಷ್ಟೂ ವ್ಯವಧಾನವಿಲ್ಲದೆ ಬಂದು ಹೊಸಿಲಲ್ಲಿ ನಿಂತ. ಗಾಜಿನ ಹಿಂದೆ ಅವನ ಒಂದು ಕಣ್ಣು ಬೋಂಡದ ಗಾತ್ರಕ್ಕೆ ಕಾಣುತ್ತಿತ್ತು.

"ಏನಪ್ಪಾ, ನನ್ನ ತಂಗಿ ಮಗಳನ್ನ ವಾರವಾರ ಮನೆಯಿಂದ ಓಡಿಸ್ತೀಯಂತೆ? ಓಡಿಸೋದಾದ್ರೆ ಒಂದೇ ಸಲ ಓಡಿಸು. ಇದೇನು ಕಂತು ಕಂತಲ್ಲಿ?"

"ಭಾವ, ಅದು ತಾಲೀಮು."

"ಓಡಿಸೋಕೂ ತಾಲೀಮಾ!"

ಮಗಳೇ ಅವನನ್ನು ಕೂರಿಸಿ, ಭೂತಗಾಜು ತೆಗೆಸಿ, ಎಲ್ಲ ವಿವರಿಸಿದಳು. ಕೇಳುತ್ತ ಕೇಳುತ್ತ ಅವನ ಕೋಪ ಇಳಿದು, ತನ್ನನ್ನು ಇದರಲ್ಲಿ ಯಾರೂ ಸೇರಿಸಿಕೊಳ್ಳಲಿಲ್ಲವೆಂಬ ಬೇಜಾರು ಆ ಜಾಗಕ್ಕೆ ಬಂತು.

"ನನಗೇನು ಕೆಲಸ ಹಾಗಾದ್ರೆ?"

"ನೀವು ಗುಂಪು, ಭಾವ."

"ಒಬ್ಬನೇ?"

"ಬೀಳ್ಕೊಡೋಕೆ ಬಂದ ಗುಂಪು. ಕೈ ಬೀಸ್ಬೇಕು."

ಅವನು ಅದನ್ನು ಎಷ್ಟು ಮನಸ್ಸಿಟ್ಟು ಮಾಡಿದನೆಂದರೆ, ಮುಂದಿನ ಭಾನುವಾರ ಬಸ್ಸು ಕಣ್ಮರೆಯಾಗಿ ಎಷ್ಟೋ ಹೊತ್ತಾದ ಮೇಲೂ ಅವನ ಕೈ ಆಡುತ್ತಲೇ ಇತ್ತು. ಕೊನೆಗೆ ತಂಗಿಯೇ ಹಿಡಿದು ಕೆಳಗಿಳಿಸಬೇಕಾಯಿತು.

ಆ ಭಾನುವಾರದಿಂದ ತಾಲೀಮಿಗೆ ನಿಜವಾದ ಬಸ್ಸೇ ಬಂದಿತ್ತು. ಮಗಳು ಬಸ್ಸು ಹತ್ತಿ ಮುಂದಿನ ಸ್ಟಾಪಿನಲ್ಲಿ ಇಳಿಯಬೇಕು. ಬಸ್ಸು ಮಾರ್ಕೆಟ್ಟು ಸುತ್ತಿಕೊಂಡು ಹೋಗುವಷ್ಟರಲ್ಲಿ ಸೈರನ್ನಪ್ಪ ಗೋಡೌನಿನ ಸಂದಿಯಲ್ಲಿ ಸೈಕಲ್ಲು ತುಳಿದು, ನೀರಿನ ಟ್ಯಾಂಕಿನ ಹತ್ತಿರದ ಆ ಸ್ಟಾಪಿಗೆ ಮೊದಲೇ ತಲುಪಬೇಕು. ಅಲ್ಲಿ ತಾಲೀಮು ಮುಗಿಯಿತೆಂದು ಸಾರಿ, ಪಕ್ಕದ ಟೀ ಅಂಗಡಿಯಲ್ಲಿ ಅಪ್ಪ ಮಗಳು ಒಂದೊಂದು ಟೀ ಕುಡಿದು, ಟ್ರಂಕನ್ನು ಸೈಕಲ್ಲಿಗೆ ಕಟ್ಟಿ ಮನೆಗೆ ತಳ್ಳಿಕೊಂಡು ಬರಬೇಕು.

"ಇಷ್ಟು ದೊಡ್ಡ ಟ್ರಂಕು, ಬಕೆಟ್ಟು. ಎಲ್ಲಿಗಮ್ಮ?" ಎಂದು ಕಂಡಕ್ಟರು ಕೇಳಿದ.

"ಮುಂದಿನ ಸ್ಟಾಪಿಗೆ."

"ಮನೇಲಿ ಜಗಳಾನಾ?"

ಎರಡನೆಯ ಸಲಕ್ಕೆ ಅವನು ಕೇಳುವುದನ್ನು ನಿಲ್ಲಿಸಿದ. ಮೂರನೆಯ ಸಲದಿಂದ ಟ್ಯಾಂಕಿನ ಸ್ಟಾಪು ಬಂದರೆ ಮಗಳು ಏಳುವ ಮೊದಲೇ ಸೀಟಿ ಊದಿ, ತಾನೇ ಇಳಿದು ಹಿಂದಿನ ಡಿಕ್ಕಿಯಿಂದ ಟ್ರಂಕು ತೆಗೆದು ಕೆಳಗಿಡುತ್ತಿದ್ದ.

ಆದರೆ ಬಸ್ಸಿನಲ್ಲಿದ್ದ ಯಾರೋ ಒಬ್ಬರು ಪೊಲೀಸರಿಗೆ ದೂರು ಕೊಟ್ಟಿದ್ದರು. ಒಂದು ಭಾನುವಾರ ಬಸ್‌ಸ್ಟಾಪಿನಲ್ಲಿ ಹೆಡ್ ಕಾನ್‌ಸ್ಟೇಬಲ್ಲು ಕಾದಿದ್ದರು.

"ವಾರವಾರ ಹಲ್ಲು ಕಡೀತಾ ಒಂದು ಹುಡುಗೀನ ಬಸ್ಸಿಗೆ ತಳ್ತಾನಂತೆ. ನೀನೇನಾ ಅದು? ಟ್ರಂಕು ತೆಗಿ."

ತೆಗೆದರು. ಹಳೇ ಪೇಪರು. ಕಾನ್‌ಸ್ಟೇಬಲ್ಲು ಲಾಠಿಯಿಂದ ತಳದವರೆಗೂ ಕೆದಕಿದರು. ಪೇಪರೇ. ಇದು ಯಾವ ಅಪರಾಧವೆಂದು ಗೊತ್ತಾಗದೆ ಅವರ ದನಿ ಇನ್ನೂ ಏರಿತು. "ನೀನು ಹೇಳಮ್ಮ, ಹೆದರ್ಬೇಡ. ನಿನ್ನನ್ನ ಬಲವಂತವಾಗಿ ಕಳಿಸ್ತಿದಾನಾ?"

"ಇಲ್ಲ ಸಾರ್," ಎಂದಳು ಮಗಳು. "ಕಳಿಸೋದು ಹೇಗೆ ಅಂತ ಕಲೀತಿದಾರೆ."

ಕಾನ್‌ಸ್ಟೇಬಲ್ಲು ಸೈರನ್ನಪ್ಪನ ಮುಖವನ್ನು ಮತ್ತೊಮ್ಮೆ ನೋಡಿದರು. ಹತ್ತಿರದಿಂದ ಅದು ಕೋಪದ ಮುಖವಾಗಿ ಕಾಣಲಿಲ್ಲ. ಟೋಪಿ ತೆಗೆದು ಹಣೆ ಒರೆಸಿಕೊಂಡರು. ಟ್ರಂಕಿನ ಮುಚ್ಚಳ ತಾವೇ ಮುಚ್ಚಿದರು.

"ನಮ್ಮ ಹುಡುಗೀದು ಮುಂದಿನ ವರ್ಷ," ಎಂದರು. ಆಮೇಲೆ ದನಿ ತಗ್ಗಿಸಿ, "ಮುಂದಿನದು ಯಾವಾಗ ಇಟ್ಕೊಂಡಿದೀರಿ?"

ಮರುವಾರ ಅವರು ಮಾಮೂಲಿ ಅಂಗಿಯಲ್ಲಿ ಬಂದು, ಗುಂಪಾಗಿ ನಿಂತಿದ್ದ ಗಡಿಯಾರದ ಭಾವನ ಪಕ್ಕ ನಿಂತು ಕೈ ಬೀಸಿದರು.

ಹೀಗೆ ಬೇಸಿಗೆ ಮುಗಿಯುತ್ತ ಬಂತು. ಬೀದಿಯವರಿಗೆ ತಾಲೀಮು ಹಳೆಯದಾಯಿತು. ಟ್ರಂಕು ಹೊರಟರೆ ಈಗ ಯಾರೂ ತಲೆಯೆತ್ತುತ್ತಿರಲಿಲ್ಲ. ಮೋಟಾರ್ ಸೈಕಲ್ಲಿನ ಹುಡುಗನನ್ನೂ ಜನ ಮರೆತರು. ಕೊನೆಯ ಭಾನುವಾರ ಸೈರನ್ನಪ್ಪ ಬಸ್‌ಸ್ಟಾಪಿನಲ್ಲಿ ಕಲ್ಲಿನ ಹಾಗೆ ನಿಂತ. ತುಟಿ ಅಲ್ಲಾಡಲಿಲ್ಲ. "ಪಾಸು!" ಎಂದು ಭಾವ ಕೂಗಿದ. ಹೆಂಡತಿ ಕೂಡ, ಪರವಾಗಿಲ್ಲ ಎಂಬಂತೆ ತಲೆಯಾಡಿಸಿದಳು. ಸೈರನ್ನಪ್ಪ ಗೆದ್ದವನ ಹಾಗೆ ಸೈಕಲ್ಲು ತುಳಿದು ಟ್ಯಾಂಕಿನ ಸ್ಟಾಪಿಗೆ ಹೋಗಿ, ಮಗಳನ್ನು ಇಳಿಸಿಕೊಂಡು, ತಾಲೀಮು ಮುಗಿಯಿತೆಂದು ಸಾರಿ, ಟೀ ಲೋಟ ಕೈಗೆ ತೆಗೆದುಕೊಂಡ.

ಆಗ ಬಂತು. ಇಡೀ ಬೇಸಿಗೆ ಮುಂದೂಡಿದ್ದೆಲ್ಲ ಒಟ್ಟಿಗೆ ಬಂತು. ಲೋಟ ಅಲುಗಿ ಟೀ ಅಂಗಿಯ ಮೇಲೆಲ್ಲ ಚೆಲ್ಲಿತು. ಟೀ ಅಂಗಡಿಯವನು ಸ್ಟೋವು ಸಣ್ಣಗೆ ಮಾಡಿದ. ಬೆಂಚಿನಲ್ಲಿದ್ದವರು ಎದ್ದು ಆಚೆ ಸರಿದರು. ಮಗಳು ಅವನ ಕೈಯಿಂದ ಲೋಟ ತೆಗೆದು ಪಕ್ಕಕ್ಕಿಟ್ಟು ಅವನನ್ನೇ ನೋಡಿದಳು.

"ಅಪ್ಪ, ನಾನು ಹೋಗಲ್ಲ."

"ಇಲ್ಲಮ್ಮ, ಇದು ಸಾರಿದ ಮೇಲಿನ ಅಳು. ನಿಯಮದ ಪ್ರಕಾರಾನೇ ಇದೆ."

"ಅದೇ. ನಾನು ಬಸ್ಸಲ್ಲಿ ಹೋಗ್ತಾ ಇರ್ತೀನಿ. ನೀನು ಇಲ್ಲಿ ಒಬ್ಬನೇ ಕೂತು ನಿಯಮದ ಪ್ರಕಾರ ಅಳ್ತಾ ಇರ್ತೀಯ. ಈಗ ನೋಡಿದೀನಲ್ಲ. ಇನ್ನು ನನ್ನಿಂದಾಗಲ್ಲ."

ಮನೆಗೆ ಬಂದವಳೇ ಕೆಂಪು ಬಕೆಟ್ಟನ್ನು ಬಚ್ಚಲಿನಲ್ಲಿ ನಲ್ಲಿಯ ಕೆಳಗಿಟ್ಟಳು. ಮನೆಯ ನೀರು ಅದಕ್ಕೆ ಬೀಳತೊಡಗಿತು.

ಮರುದಿನ ಕಾರ್ಖಾನೆಯಲ್ಲಿ ಮ್ಯಾನೇಜರು ಸೈರನ್ನಪ್ಪನನ್ನು ಕರೆದು, "ಶುಭಸಮಾಚಾರ ಕಣಯ್ಯ," ಎಂದರು. "ನಿನ್ನ ಮಗಳು ಬೆಳಿಗ್ಗೆ ಪ್ಯಾಕಿಂಗ್ ಸೆಕ್ಷನ್ನಲ್ಲಿ ಕೆಲಸ ಕೇಳ್ಕೊಂಡು ಬಂದಿದ್ಲು. ಚುರುಕಾಗಿದಾಳೆ. ಅಪ್ಪ ಮಗಳು ಒಂದೇ ಗೇಟಲ್ಲಿ ಬಂದು ಹೋಗ್ಬಹುದು, ಇನ್ನೇನು ಬೇಕು? ಹೋಗು, ಸೈರನ್ ಕೂಗ್ಸು, ಇವತ್ತು ತಾಲೀಮಿದೆ."

ಅವನು ಕೂಗಿಸಿದ. ಹಳದಿ ಗೆರೆಯ ಹಿಂದೆ ಹೋಗಿ ನಿಂತ. ಯಾರೂ ಬರಲಿಲ್ಲ. ಪ್ಯಾಕಿಂಗ್ ಶೆಡ್ಡಿನ ಕಿಟಕಿಯಲ್ಲಿ ಹೆಂಗಸರು ತಲೆ ಬಗ್ಗಿಸಿಕೊಂಡು ಪ್ಲೈವುಡ್ ಕಟ್ಟುಗಳಿಗೆ ಪಟ್ಟಿ ಬಿಗಿಯುತ್ತಿದ್ದದ್ದು ಕಾಣುತ್ತಿತ್ತು. ಅಂಗಳದಲ್ಲಿ ಮರದ ಹೊಟ್ಟು ಹಾರಾಡುತ್ತಿತ್ತು. ತಲೆ ಎಣಿಸಿದ. ತನ್ನದೊಂದು. ಅನುಮಾನ ಬೇಡವೆಂದು ಮತ್ತೊಮ್ಮೆ ಎಣಿಸಿದ. ಒಂದೇ. ಭೋಂಗಾ ಬಾಯಿಗಿಟ್ಟು, ಎಲ್ಲರೂ ಸ್ವಸ್ಥಾನಕ್ಕೆ ಮರಳತಕ್ಕದ್ದು ಎಂದು ಸಾರಿದ. ಆಮೇಲೆ ಅವನೊಬ್ಬನೇ ಮರಳಿದ.

ಸೈರನ್ನಪ್ಪ ಮನೆಯಲ್ಲಿ ಮಗಳಿಗೆ ಹೋಗು ಎಂದು ಹೇಳಲು ಎರಡು ಮೂರು ಸಲ ಬಾಯಿ ತೆರೆದ. ಪ್ರತಿ ಸಲವೂ ಕಣ್ಣೇ ಮೊದಲು ತೆರೆದುಕೊಂಡಿತು. ಹೆಂಡತಿ, "ನೀವು ಬಾಯಿ ಮುಚ್ಕೊಂಡಿದ್ರೆ ಅದೇ ದೊಡ್ಡ ಉಪಕಾರ," ಎಂದು ಹೇಳಿ, ಮಗಳನ್ನು ಹಿತ್ತಲಿಗೆ ಕರೆದುಕೊಂಡು ಹೋಗಿ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಕೂತು ಬಹಳ ಹೊತ್ತು ಮಾತಾಡಿದಳು. ಏನೆಂದು ಅವನಿಗೆ ಕೇಳಲಿಲ್ಲ. ನಲ್ಲಿ ಬಿಟ್ಟಿದ್ದರು.

ಆಮೇಲೆ ಒಂದು ಬೆಳಿಗ್ಗೆ, ಭಾನುವಾರವಲ್ಲದ ದಿನ, ಅವನು ಕೆಲಸಕ್ಕೆ ಹೊರಡುವಷ್ಟರಲ್ಲಿ ಹೆಂಡತಿ ಟ್ರಂಕನ್ನು ನಡುಮನೆಗೆ ಎಳೆದು ತಂದಳು.

"ಇವತ್ತೊಂದು ತಾಲೀಮು ಮಾಡ್ಬಿಡೋಣ ರೀ."

"ಹೋಗಲ್ಲ ಅಂದ ಮೇಲೆ ತಾಲೀಮೇನು?"

"ಬೇಸಿಗೆಯೆಲ್ಲ ಮಾಡಿದೀವಿ, ಅರ್ಧಕ್ಕೆ ಬಿಟ್ಟ ಹಾಗಾಗ್ಬಾರ್ದು. ಕೊನೇದೊಂದು. ಏನಮ್ಮ?"

"ಹೂಂ," ಎಂದಳು ಮಗಳು. ಅವಳು ಅಪ್ಪನ ಮುಖ ನೋಡದೆ ಚಪ್ಪಲಿಯ ಪಟ್ಟಿಯನ್ನೇ ಸರಿಮಾಡುತ್ತಿದ್ದಳು. ಕೆಂಪು ಬಕೆಟ್ಟು ಒಣಗಿ ಅವಳ ಪಕ್ಕದಲ್ಲಿತ್ತು.

ಸೈರನ್ನಪ್ಪ ಬಗ್ಗಿ, ಪೇಪರು ತುಂಬಿದ ಟ್ರಂಕನ್ನು ಎತ್ತುವ ರೂಢಿಯಲ್ಲಿ ಒಂದೇ ಕೈಯಿಂದ ಎತ್ತಿದ. ಟ್ರಂಕು ಮೇಲೇಳಲಿಲ್ಲ. ಎರಡು ಕೈ ಹಾಕಿ ಎತ್ತಿದ. ಒಳಗೆ ಕಲ್ಲುಗಳು ಒಂದಕ್ಕೊಂದು ತಾಗಿ ಟಕ್ ಟಕ್ ಎಂದವು.

ತಲೆಯೆತ್ತಿ ನೋಡಿದರೆ ಕಿಟಕಿಯ ಕಟ್ಟೆ ಖಾಲಿ.

ಕಾಲೇಜು ತೆರೆಯಲು ಇನ್ನೂ ಒಂದು ವಾರವಿತ್ತು, ಆದರೆ ಹಾಸ್ಟೆಲಿನ ಬಾಗಿಲು ಆಗಲೇ ತೆರೆದಿದೆಯೆಂಬುದು ಅವನಿಗೂ ಗೊತ್ತಿತ್ತು. ಹೆಂಡತಿ ಗೋಡೆಯ ಕಡೆ ನೋಡುತ್ತಿದ್ದಳು. ಮಗಳು ಚಪ್ಪಲಿಯ ಕಡೆ. ಸೈರನ್ನಪ್ಪ ಹಲ್ಲು ಕಚ್ಚಿದ, ಕಣ್ಣು ಕಿರಿದುಮಾಡಿದ, ಮೂಗಿನ ಹೊಳ್ಳೆ ಅರಳಿಸಿದ.

"ತಾಲೀಮು ಶುರು," ಎಂದ.

ಬೀದಿಯಲ್ಲಿ ಇಸ್ತ್ರಿ ಅಂಗಡಿಯವನು ತಲೆಯೆತ್ತದೆಯೇ, "ಇವತ್ತೂ ಇದೆಯಾ?" ಎಂದ. ಟೈಪಿಸ್ಟಮ್ಮ ಕಿಟಕಿಯಲ್ಲಿ ತಲೆ ಬಾಚುತ್ತ ಬಾಚಣಿಗೆಯನ್ನೇ ಬೀಳ್ಕೊಡುವಂತೆ ಎರಡು ಸಲ ಬೀಸಿದರು. ದಾರಿಯಲ್ಲಿ ಅಂಗಡಿಯ ಬಾಗಿಲೆತ್ತುತ್ತಿದ್ದ ಗಡಿಯಾರದ ಭಾವ, "ಇವತ್ತು ಗುಂಪಿಗೆ ರಜೆ, ಗಿರಾಕಿ ಇದಾರೆ! ಸಂಜೆ ಬರ್ತೀನಿ ಪುಟ್ಟಾ!" ಎಂದು ಕೂಗಿದ. "ಆಗ್ಲಿ ಮಾವ," ಎಂದಳು ಪುಟ್ಟ. ಅವಳ ದನಿ ಸ್ವಲ್ಪ ಕೆಟ್ಟಿತ್ತು. ಸೈರನ್ನಪ್ಪ ತಿರುಗಿ ನೋಡದೆ ಹೆಜ್ಜೆ ಜೋರು ಮಾಡಿದ. ಟ್ರಂಕಿನ ಅಂಚು ಹೆಗಲನ್ನು ಕೊರೆಯುತ್ತಿತ್ತು.

ಬಸ್ಸು ಬಂತು. ಕಂಡಕ್ಟರು ಆಕಳಿಸುತ್ತ ಡಿಕ್ಕಿ ತೆಗೆದ. ಸೈರನ್ನಪ್ಪ ಟ್ರಂಕನ್ನು ಅವನ ಕೈಗೆ ಕೊಡದೆ, ಪೇಪರಿನಷ್ಟೇ ಹಗುರ ಎಂಬಂತೆ ತಾನೇ ಒಳಗಿಟ್ಟ. ಅದಕ್ಕಾಗಿ ಅವನ ಬೆನ್ನು ಮುಂದೆ ಎಷ್ಟೋ ದಿನ ನೋಯಿತು.

"ಬರ್ತೀನಪ್ಪ."

"ಹೂಂ. ಕಿಟಕಿ ಪಕ್ಕ ಕೂತ್ಕೋ."

ಬಸ್ಸು ಹೊರಟಿತು. ಹೆಂಡತಿ ತಳ್ಳಿಕೊಂಡು ಬಂದಿದ್ದ ಸೈಕಲ್ಲನ್ನು ಸೈರನ್ನಪ್ಪ ಎಂದಿನಂತೆ ಏರಿದ.

"ಈಗ್ಯಾಕ್ರೀ ಅಲ್ಲಿಗೆ?" ಎಂದಳು ಹೆಂಡತಿ, ಸಣ್ಣ ದನಿಯಲ್ಲಿ.

"ತಾಲೀಮಲ್ಲಿ ಇದೆಯಲ್ಲ," ಎಂದು ಹೇಳಿ ಅವನು ಗೋಡೌನಿನ ಸಂದಿಯಲ್ಲಿ ಮಾಯವಾದ.

ಹೋದದ್ದೇ ಒಳ್ಳೆಯದಾಯಿತು. ಟ್ಯಾಂಕಿನ ಸ್ಟಾಪಿನಲ್ಲಿ ಅಭ್ಯಾಸಬಲದಿಂದ ಬಸ್ಸು ನಿಂತಿತು. ಅಭ್ಯಾಸಬಲದಿಂದ ಕಂಡಕ್ಟರು ಸೀಟಿ ಊದಿ ಕೆಳಗಿಳಿದು ಡಿಕ್ಕಿಗೆ ಕೈ ಹಾಕಿದ. "ಇಳಿಯಮ್ಮ, ಅಪ್ಪ ಬಂದಾಯ್ತು! ಏನ್ರೀ ಇದು, ಇವತ್ತು ಪೇಪರು ಇಷ್ಟು ಭಾರ?"

ಕಿಟಕಿಯಲ್ಲಿ ಮಗಳ ಮುಖ ಕಂಡಿತು. ಮೂಗು ಕೆಂಪಗಿತ್ತು. ಅವಳು ಆಗಲೇ ಎದ್ದು ನಿಂತಿದ್ದಳು. ಒಂದು ಕೈ ಬಕೆಟ್ಟಿನ ಮೇಲಿತ್ತು. ಕಣ್ಣು ಅಪ್ಪನ ಕೆಳತುಟಿಯ ಮೇಲಿತ್ತು.

ಸೈರನ್ನಪ್ಪ ಸೈಕಲ್ಲು ಬೀಳಿಸಿ ಓಡಿದ. ಅರ್ಧ ಹೊರಬಂದಿದ್ದ ಟ್ರಂಕನ್ನು ಎದೆಯಿಂದ ಒಳಗೆ ದಬ್ಬಿ ಡಿಕ್ಕಿಯ ಬಾಗಿಲು ಧಡಾರನೆ ಹಾಕಿದ. ಆಮೇಲೆ ಹಳದಿ ಗೆರೆಯ ಹಿಂದೆ ನಿಲ್ಲುವವನ ಹಾಗೆ ನೆಟ್ಟಗೆ ನಿಂತು, ಎರಡೂ ಕೈಗಳನ್ನು ಬಾಯಿಗೆ ಭೋಂಗಾ ಮಾಡಿಕೊಂಡು, ಇಡೀ ಸ್ಟಾಪಿಗೆ ಕೇಳುವಂತೆ ಸಾರಿದ:

"ಇವತ್ತಿನ ತಾಲೀಮು ಕೊನೇ ಸ್ಟಾಪಿನವರೆಗೆ! ಯಾರೂ ನಡುವೆ ಇಳಿಯತಕ್ಕದ್ದಲ್ಲ!"

"ಕೊನೇ ಸ್ಟಾಪಿಗಾ?" ಕಂಡಕ್ಟರು ಬೆರಗಾದ. "ಅಲ್ಲಿಂದ ವಾಪಸ್ ಸೈಕಲ್ಲಲ್ಲಿ ತರ್ತೀರಾ?"

"ನೀನು ಸೀಟಿ ಊದಯ್ಯ."

ಕಂಡಕ್ಟರು ಊದಿದ. ಮಗಳು ಇನ್ನೂ ಒಂದು ಕ್ಷಣ ನಿಂತು ಆ ತುಟಿಯನ್ನು ನೋಡಿದಳು. ಎರಡು ಕೈಗಳ ನಡುವೆ ಅದು ಸರಿಯಾಗಿ ಕಾಣಲಿಲ್ಲ. ಮೆಲ್ಲಗೆ ಕೂತಳು. ಬಸ್ಸು ಟ್ಯಾಂಕಿನ ನೆರಳು ದಾಟಿ ದೊಡ್ಡ ರಸ್ತೆಗೆ ಏರಿತು. ಅದು ಹೋಗುವವರೆಗೂ, ಹೋದ ಮೇಲೂ, ಸೈರನ್ನಪ್ಪ ಬಾಯಿಯಿಂದ ಕೈ ತೆಗೆಯಲಿಲ್ಲ.

ಟೀ ಅಂಗಡಿಯವನು ಆಗಲೇ ಎರಡು ಲೋಟ ತುಂಬಿ ಬೆಂಚಿನ ಮೇಲಿಟ್ಟಿದ್ದ. "ಮಗಳೆಲ್ಲಿ? ಮುಗೀತಾ ತಾಲೀಮು?"

"ಇನ್ನೂ ಇಲ್ಲ," ಎಂದ ಸೈರನ್ನಪ್ಪ. ಒಂದು ಲೋಟ ಕುಡಿದ. ಇನ್ನೊಂದು ಆರುವವರೆಗೆ ಅದರ ಎದುರು ಕೂತಿದ್ದು, ಆಮೇಲೆ ಸೈಕಲ್ಲು ಎತ್ತಿ ನಿಲ್ಲಿಸಿದ.

ಟ್ರಂಕಿಲ್ಲದ ಸೈಕಲ್ಲನ್ನೂ ಅವನು ತಳ್ಳಿಕೊಂಡೇ ಮನೆಗೆ ಬಂದ. ಹೆಂಡತಿ ಬಾಗಿಲಲ್ಲಿ ನಿಂತಿದ್ದಳು. ಬಸ್‌ಸ್ಟಾಪಿನಿಂದ ಬಂದವಳು ಒಳಗೇ ಹೋಗಿರಲಿಲ್ಲವೆಂದು ಕಾಣುತ್ತದೆ. ಬೀಗ ಹಾಗೇ ಇತ್ತು, ಕೀ ಅವಳ ಮುಷ್ಟಿಯಲ್ಲಿತ್ತು.

"ಹೋದ್ಲಾ?"

"ಹೂಂ."

"ಇಳೀಲಿಲ್ವಾ?"

"ಇಲ್ಲ."

"ನೀವು?"

"ಒಂದು ಹನಿಯೂ ಇಲ್ಲ."

ಹೆಂಡತಿ ತಲೆಯಾಡಿಸಿದಳು. ಏನೋ ತಮಾಷೆಯ ಮಾತು ಹೇಳಲು ಹೊರಟವಳ ಗದ್ದ ಅದುರಿತು. ಇಷ್ಟು ವರ್ಷದ ಸಂಸಾರದಲ್ಲಿ ಸೈರನ್ನಪ್ಪ ಆ ಗದ್ದ ಅದುರಿದ್ದನ್ನು ನೋಡಿರಲಿಲ್ಲ.

"ಮುಗೀತು ಅಂತ ಸಾರಿದ್ರಾ?"

"ಇನ್ನೂ ಇಲ್ಲ."

"ಬೇಗ ಸಾರ್ರೀ," ಎಂದಳು ಅವಳು, ಕೀಯನ್ನು ಗಟ್ಟಿಯಾಗಿ ಹಿಡಿದುಕೊಂಡು. "ನಿಯಮ ನನಗೂ ಸೇರಿ ಅಂತ ನೀವೇ ಹೇಳಿದ್ದು. ಎಷ್ಟು ಹೊತ್ತೂಂತ ತಡ್ಕೊಳ್ಳಲಿ?"

ಸೈರನ್ನಪ್ಪ ಸೈಕಲ್ಲನ್ನು ಗೋಡೆಗೆ ಒರಗಿಸಿದ. ನೆಟ್ಟಗೆ ನಿಂತ.

"ತಾಲೀಮು ಮುಗಿಯಿತು," ಎಂದು ಸಾರಿದ. "ಎಲ್ಲರೂ..."

ಮುಂದಿನ ಮಾತು ಬರಲಿಲ್ಲ. ಬರಬೇಕಾದ ಅಗತ್ಯವೂ ಇರಲಿಲ್ಲ; ಅಷ್ಟರಲ್ಲಿ ಹೆಂಡತಿ ಹೊಸಿಲ ಮೇಲೆ ಕುಸಿದು ಕೂತಾಗಿತ್ತು. ಅವನೂ ಪಕ್ಕದಲ್ಲಿ ಕೂತ.

ಎದುರುಮನೆಯ ಕಿಟಕಿ ತೆರೆಯಿತು. ಕೆಳಗೆ ಬಟ್ಟೆ ಕೊಡಲು ಬಂದಿದ್ದ ಇಸ್ತ್ರಿ ಅಂಗಡಿಯವನು, "ಏನಾಯ್ತಂತೆ ಅಮ್ಮಾ? ಇಬ್ಬರೂ ಶುರು ಮಾಡಿದಾರೆ?" ಎಂದು ಕೇಳಿದ.

"ಏನಿಲ್ಲ, ಅವರ ಮಾಮೂಲಿ ತಾಲೀಮು," ಎಂದರು ಟೈಪಿಸ್ಟಮ್ಮ. ಸ್ವಲ್ಪ ಹೊತ್ತು ಕಿವಿಗೊಟ್ಟು ಕೇಳಿ, ಮೆಚ್ಚಿಕೊಂಡು ತಲೆದೂಗಿದರು. "ಪಾಪ, ಬೇಸಿಗೆಯೆಲ್ಲ ಕಷ್ಟಪಟ್ಟಿದ್ದಕ್ಕೂ ಸಾರ್ಥಕ ಆಯ್ತು. ಇವತ್ತು ಥೇಟು ನಿಜದ ಹಾಗೇ ಇದೆ."

ಎಂದು ಹೇಳಿ ಕಿಟಕಿ ಹಾಕಿಕೊಂಡರು.